ಎರಡು ಸಿಜೇರಿಯನ್ ಆದವರಿಗೆ ಮಾಸು ಹಳೇ ಹೊಲಿಗೆಗೆ ಅಂಟಿದೆ ಅಂದರೆ ಏನು? ಗರ್ಭಚೀಲ ತೆಗೆಯಲೇಬೇಕಾ?

ತಮ್ಮಾ, ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೌದು, ಇದು ದೊಡ್ಡ ವಿಷಯವೇ. ಈ ಹೆರಿಗೆ ತಾಲ್ಲೂಕಿನ ದವಾಖಾನೆಯಲ್ಲಿ ಬೇಡ. ಗರ್ಭಚೀಲ ತೆಗೆಯಬೇಕಾಗಿ ಬರಬಹುದು, ಅದಕ್ಕೆ ಈಗಿನಿಂದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆದರೆ 28 ವಾರಕ್ಕೇ ಗೊತ್ತಾಗಿದೆಯಲ್ಲ, ಅದು ನಿಮ್ಮ ಪುಣ್ಯ. ಈ ತೊಂದರೆಯಲ್ಲಿ ತಾಯಿ ಉಳಿಯುವುದು ಬಹುಪಾಲು ಒಂದೇ ವಿಷಯದ ಮೇಲೆ ನಿಂತಿದೆ: ರಕ್ತ ಹೋಗಲು ಶುರುವಾಗುವ ಮುಂಚೆಯೇ ಅವರು ಸರಿಯಾದ ಜಾಗದಲ್ಲಿ ಇದ್ದರಾ ಇಲ್ಲವಾ.

ನೀವು ಬರೆದದ್ದು ಇಷ್ಟು. ಸುರಪುರ ತಾಲ್ಲೂಕಿನ ಹಳ್ಳಿ. ಹೆಂಡತಿಗೆ ಹಿಂದೆ ಎರಡು ಸಿಜೇರಿಯನ್ ಆಗಿವೆ. ಈಗಿನ ರಿಪೋರ್ಟಿನಲ್ಲಿ ಪ್ಲಾಸೆಂಟಾ ಪ್ರೀವಿಯಾ (ಪ್ಲಾಸೆಂಟಾ ಅಂದರೆ ಮಾಸು, ಅದು ಗರ್ಭಚೀಲದ ಬಾಯಿ ಮುಚ್ಚಿ ಕೂತಿರುವುದು), ಅಕ್ರೀಟಾ (ಮಾಸು ಗರ್ಭಚೀಲಕ್ಕೆ ಅಂಟಿಕೊಂಡಿರುವುದು) ಅನುಮಾನ ಅಂತ ಇದೆ. ಅವರಿಗೆ ನೋವಿಲ್ಲ, ರಕ್ತಸ್ರಾವವೂ ಇಲ್ಲ. ಡಾಕ್ಟರು ಕಲಬುರಗಿಗೋ ಹೈದರಾಬಾದಿಗೋ ಹೋಗಿ ಅಂತಾರೆ, ನಿಮ್ಮ ಅವ್ವ ಮಾತ್ರ ‘ನಾನು ಐದು ಹಡೆದೆ, ಎಲ್ಲಾ ಮನೆಯಲ್ಲೇ, ಏನಾಯ್ತು’ ಅಂತಾರೆ. ಡಾಕ್ಟರು ಸುಮ್ನೆ ಹೆದರಿಸುತ್ತಿದ್ದಾರಾ ಅಂತ ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ ಹೆರಿಗೆ ವಾರ್ಡು, ಆಪರೇಷನ್ ಥಿಯೇಟರ್ ಎರಡರಲ್ಲೂ ಬಹಳ ವರ್ಷ ಕೆಲಸ ಮಾಡಿದ ಸ್ಟಾಫ್ ನರ್ಸ್. ಔಷಧಿ ವಿಚಾರಕ್ಕೆ ಡಾಕ್ಟರ ಮಾತೇ ಕೊನೆ. ಆದರೆ ಈ ಕೇಸುಗಳನ್ನು ಹತ್ತಿರದಿಂದ ನೋಡಿದ್ದೇನೆ, ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ.

ಮಾಮೂಲಿ ಹೆರಿಗೆಯಲ್ಲಿ ಮಗು ಹೊರಗೆ ಬಂದ ಮೇಲೆ ಮಾಸು ತಾನಾಗೇ ಬಿಡುತ್ತದೆ. ಗರ್ಭಚೀಲದ ಒಳಗೋಡೆಗೂ ಮಾಸಿಗೂ ನಡುವೆ ಒಂದು ಮೆತ್ತನೆಯ ಪದರ ಇರುತ್ತದೆ, ಅಲ್ಲಿಂದ ಸಲೀಸಾಗಿ ಕಳಚುತ್ತದೆ. ಕೂಡಲೇ ಗರ್ಭಚೀಲದ ಸ್ನಾಯು ಗಟ್ಟಿಯಾಗಿ ಮುದುಡಿ, ತೆರೆದ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಸಿಜೇರಿಯನ್ ಆದ ಜಾಗದಲ್ಲಿ ಆ ಪದರ ಸರಿಯಾಗಿ ಬೆಳೆದಿರುವುದಿಲ್ಲ. ಮುಂದಿನ ಬಸಿರಿನಲ್ಲಿ ಮಾಸು ಕೆಳಗೆ, ಅದೇ ಗಾಯದ ಮೇಲೆ ಕೂತರೆ ಅದರ ಬೇರು ನೇರ ಸ್ನಾಯುವಿನೊಳಗೆ ಇಳಿಯುತ್ತದೆ. ನಮ್ಮ ಕಲಬುರಗಿ ಕೋಟೆ ಗೋಡೆಯ ಬಿರುಕಿನಲ್ಲಿ ಅರಳಿ ಗಿಡ ಬೆಳೆದಿರುತ್ತದಲ್ಲ, ಎಳೆದರೆ ಗಿಡ ಒಂದೇ ಬರುವುದಿಲ್ಲ, ಕಲ್ಲೂ ಕಿತ್ತು ಬರುತ್ತದೆ. ಹಾಗೆ. ಮೇಲೆ ಮೇಲೆ ಅಂಟಿದ್ದರೆ ಅಕ್ರೀಟಾ, ಸ್ನಾಯುವಿನ ಒಳಗೆ ಹೊಕ್ಕಿದ್ದರೆ ಇಂಕ್ರೀಟಾ, ಗೋಡೆ ದಾಟಿ ಹೊರಗೆ ಬಂದಿದ್ದರೆ ಪರ್ಕ್ರೀಟಾ, ಆಗ ಮೂತ್ರಚೀಲವನ್ನೂ ಹಿಡಿದಿರಬಹುದು. ಎಷ್ಟು ಆಳ ಹೋಗಿದೆ ಅನ್ನುವುದು ಪೂರ್ತಿ ಗೊತ್ತಾಗುವುದು ಹೊಟ್ಟೆ ತೆರೆದ ಮೇಲೆಯೇ.

ದಿನ ತುಂಬುವ ಹೊತ್ತಿಗೆ ಗರ್ಭಚೀಲಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ಬಸುರಿಯ ಮೈಯಲ್ಲಿ ಇರುವುದೇ ಐದಾರು ಲೀಟರ್. ಅಂಟಿದ ಮಾಸನ್ನು ಗೊತ್ತಿಲ್ಲದೆ ಎಳೆದರೆ ಎಷ್ಟು ಹೊತ್ತು ಸಿಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಸುರಪುರದಿಂದ ಶಹಾಪುರ, ಜೇವರ್ಗಿ ಹಾದು ಭೀಮಾ ದಾಟಿ ಕಲಬುರಗಿಗೆ ಬರಲು ಸುಮಾರು ನೂರು ಕಿಲೋಮೀಟರ್.

ಡಾಕ್ಟರು ಹೆದರಿಸುತ್ತಿಲ್ಲ. 2006ರಲ್ಲಿ ಅಮೆರಿಕದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಿಜೇರಿಯನ್‌ಗಳನ್ನು ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಮಾಸು ಗರ್ಭಚೀಲದ ಬಾಯಿ ಮುಚ್ಚಿ ಕೂತಿದ್ದವರಲ್ಲಿ, ಮೊದಲ ಸಿಜೇರಿಯನ್‌ಗೆ ಬಂದವರಿಗೆ ಈ ತೊಂದರೆ ನೂರಕ್ಕೆ 3 ಜನರಲ್ಲಿ ಸಿಕ್ಕಿತು. ಎರಡನೆಯದಕ್ಕೆ ಬಂದವರಲ್ಲಿ 11. ಮೂರನೆಯದಕ್ಕೆ ಬಂದವರಲ್ಲಿ 40. ನಿಮ್ಮ ಮನೆಯವರು ಈ ಮೂರನೇ ಗುಂಪಿನಲ್ಲಿ ಬರುತ್ತಾರೆ. ಎಲ್ಲಾ ಬಸುರಿಯರ ಲೆಕ್ಕದಲ್ಲಿ ಇದು ಅಪರೂಪವೇ. ಹಿಂದೆ ಎರಡು ಸಿಜೇರಿಯನ್ ಆಗಿ, ಈಗ ಮಾಸು ಕೆಳಗೆ ಇದೆ ಅಂದವರ ಪಾಲಿಗೆ ಅಪರೂಪ ಅಲ್ಲ. ನಿಮ್ಮ ಅವ್ವ ಐದು ಹಡೆದದ್ದು ನಿಜ, ಆದರೆ ಅವರ ಹೊಟ್ಟೆಯಲ್ಲಿ ಕೊಯ್ದ ಗಾಯ ಇರಲಿಲ್ಲ ಅಲ್ವಾ. ಈಗ ಕಾಲ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ಹೆರಿಗೆಗೆ 31.5 ಸಿಜೇರಿಯನ್. ಮೊದಲ ಹೆರಿಗೆಯಲ್ಲಿ ಬೇಕಿಲ್ಲದೆ ಕೊಯ್ದದ್ದರ ಬೆಲೆ ಕೆಲವರು ಮೂರನೇ ಹೆರಿಗೆಯಲ್ಲಿ ತೆರುತ್ತಾರೆ, ಇದು ನನಗೆ ತುಂಬಾ ಬೇಜಾರಿನ ವಿಷಯ.

ಐದನೇ ತಿಂಗಳ ಸ್ಕ್ಯಾನಿನಲ್ಲಿ ‘ಮಾಸು ಕೆಳಗಿದೆ’ ಅಂತ ಬಂದರೆ ಎಲ್ಲರೂ ಗಾಬರಿ ಬೀಳಬೇಕಿಲ್ಲ, ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತಿದ್ದೇನೆ. ಗರ್ಭಚೀಲ ಬೆಳೆದಂತೆ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಮೇಲೆ ಸರಿಯುತ್ತದೆ. ಹಳೇ ಗಾಯಕ್ಕೆ ಬೇರು ಬಿಟ್ಟದ್ದು ಸರಿಯುವುದು ಕಷ್ಟ. ನಿಮ್ಮ ಮನೆಯವರಿಗೆ 32ನೇ ವಾರದ ಹತ್ತಿರ ಇನ್ನೊಂದು ಸ್ಕ್ಯಾನ್ ಮಾಡಿಸಬೇಕು, ಅದೂ ಇಂತಹ ಕೇಸು ನೋಡಿ ಅನುಭವ ಇರುವವರ ಹತ್ತಿರ, ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಹಾಕಿ. ಮಾಸಿನ ಒಳಗೆ ರಕ್ತದ ಗುಳಿಗಳು ಕಾಣುತ್ತವಾ, ಮಾಸಿಗೂ ಸ್ನಾಯುವಿಗೂ ನಡುವಿನ ಕಪ್ಪು ಗೆರೆ ಉಳಿದಿದೆಯಾ, ಮೂತ್ರಚೀಲದ ಗೋಡೆ ಎಲ್ಲಾದರೂ ಮುರಿದಂತೆ ಕಾಣುತ್ತದಾ ಅಂತ ನೋಡುತ್ತಾರೆ. ಮಾಸು ಹಿಂಬದಿಗೆ ಇದ್ದರೆ, ಇಲ್ಲವೇ ಸ್ಕ್ಯಾನಿನಲ್ಲಿ ಸ್ಪಷ್ಟವಾಗದಿದ್ದರೆ ಎಂಆರ್‌ಐ ಹೇಳಬಹುದು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಅಂದರೂ ಅವರನ್ನು ಈ ತೊಂದರೆ ಇರುವವರ ಹಾಗೆಯೇ ನೋಡಿಕೊಳ್ಳಬೇಕು.

ಒಂದು ಕೇಸು ಹೇಳುತ್ತೇನೆ. ಚಿಂಚೋಳಿ ಕಡೆಯ ತಾಂಡಾದ ಹೆಣ್ಣುಮಗಳು. ಗಂಡ ಹೆಂಡತಿ ಇಬ್ಬರೂ ಪುಣೆಯಲ್ಲಿ ಕಟ್ಟಡದ ಕೆಲಸ. ಹಿಂದಿನ ಆಪರೇಷನ್ ಅಲ್ಲಿ ಆಗಿತ್ತು, ಸ್ಕ್ಯಾನ್ ಅಲ್ಲಿ ಆಗಿತ್ತು, ಕಾಗದವೆಲ್ಲಾ ಅಲ್ಲೇ ಉಳಿದಿತ್ತು. ಹೆರಿಗೆಗೆ ಅಂತ ತವರಿಗೆ ಬಂದಳು, ನೋವು ಬಂತು, ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿದರು. ಮಗು ಬಂತು, ಮಾಸು ಬರಲಿಲ್ಲ. ಕೈ ಹಾಕಿ ಬಿಡಿಸಲು ನೋಡಿದರು. ಅರ್ಧ ಬಂತು, ಅರ್ಧ ಅಲ್ಲೇ ಉಳಿಯಿತು, ರಕ್ತ ನಿಲ್ಲಲಿಲ್ಲ. ಒಳಗೆ ಬಟ್ಟೆ ತುಂಬಿ ಆಂಬುಲೆನ್ಸಿನಲ್ಲಿ ನಮ್ಮ ಹತ್ತಿರ ಕಳಿಸಿದರು. ಬಂದಾಗ ಅವಳ ನಾಲಿಗೆ ಬಿಳಿಯಾಗಿತ್ತು, ನಾಡಿ ಸಿಗುತ್ತಿರಲಿಲ್ಲ. ಎಲ್ಲರೂ ಓಡಾಡಿದೆವು, ರಕ್ತ ಹಾಕಿದೆವು, ಗರ್ಭಚೀಲ ತೆಗೆದರು, ಆದರೆ ಅಷ್ಟು ಹೊತ್ತಿಗೆ ಅವಳ ರಕ್ತ ಹೆಪ್ಪುಗಟ್ಟುವುದನ್ನೇ ಬಿಟ್ಟಿತ್ತು, ಸೂಜಿ ಚುಚ್ಚಿದಲ್ಲೆಲ್ಲಾ ಸೋರುತ್ತಿತ್ತು. ಉಳಿಯಲಿಲ್ಲ. ಅಲ್ಲಿದ್ದ ಡಾಕ್ಟರನ್ನು ನಾನು ಬೈಯುತ್ತಿಲ್ಲ, ಅವರ ಕೈಯಲ್ಲಿ ಒಂದು ಕಾಗದ ಇರಲಿಲ್ಲ, ಒಂದು ಬಾಟಲಿ ರಕ್ತ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಹಿಂದಿನ ಎರಡು ಆಪರೇಷನ್ನಿನ ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡ್, ಎಲ್ಲಾ ಸ್ಕ್ಯಾನ್ ರಿಪೋರ್ಟು ಒಂದು ಫೈಲಿನಲ್ಲಿ ಹಾಕಿ ಇಡಿ. ಎಲ್ಲದರ ಫೋಟೋ ತೆಗೆದು ನಿಮ್ಮ ಮೊಬೈಲಿನಲ್ಲೂ, ಅವರ ಮೊಬೈಲಿನಲ್ಲೂ ಇಟ್ಟುಕೊಳ್ಳಿ.

ಮೊದಲೇ ಗೊತ್ತಿದ್ದು ತಯಾರಾಗಿ ಬಂದವರದ್ದು ಬೇರೆಯೇ ಕಥೆ. ದಿನ ತುಂಬುವವರೆಗೆ ಕಾಯುವುದಿಲ್ಲ. ಎಲ್ಲಾ ಸರಿಯಿದ್ದರೆ 34ರಿಂದ 36 ವಾರದ ನಡುವೆ ದಿನ ಗೊತ್ತು ಮಾಡುತ್ತಾರೆ, ನೋವು ಬರುವ ಮುಂಚೆ, ಹಗಲು ಹೊತ್ತಿನಲ್ಲಿ, ಎಲ್ಲಾ ಡಾಕ್ಟರು ಕೈಗೆ ಸಿಗುವಾಗ. ಅವಧಿಗೆ ಮುಂಚೆ ಹುಟ್ಟುವ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಮೊದಲೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಥಿಯೇಟರಿನಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು, ಮಾಸು ಇಲ್ಲದ ಮೇಲಿನ ಭಾಗದಿಂದ ಮಗುವನ್ನು ತೆಗೆಯುತ್ತಾರೆ. ಹೊಕ್ಕುಳಬಳ್ಳಿ ಕಟ್ಟುತ್ತಾರೆ. ಆಮೇಲೆ ಮಾಸನ್ನು ಮುಟ್ಟುವುದೇ ಇಲ್ಲ. ಅದನ್ನು ಇದ್ದ ಹಾಗೇ ಬಿಟ್ಟು ಇಡೀ ಗರ್ಭಚೀಲವನ್ನು ತೆಗೆಯುತ್ತಾರೆ. ಇಷ್ಟು ತಯಾರಿ ಮಾಡಿದರೂ ಎರಡು ಮೂರು ಲೀಟರ್ ರಕ್ತ ಹೋಗಬಹುದು. ಆದರೆ ಪಕ್ಕದಲ್ಲೇ ರಕ್ತ ಕಾದಿರುತ್ತದೆ, ಮೂತ್ರಚೀಲಕ್ಕೆ ಪೆಟ್ಟಾದರೆ ಹೊಲಿಯುವವರು ನಿಂತಿರುತ್ತಾರೆ.

ನೀವು ಕೇಳಿದ್ದೀರಿ, ಗರ್ಭಚೀಲ ಉಳಿಸಲು ಬರುವುದಿಲ್ಲವಾ ಅಂತ. ಕೆಲವು ಕಡೆ ಉಳಿಸುತ್ತಾರೆ. ಸಣ್ಣ ಜಾಗದಲ್ಲಷ್ಟೇ ಅಂಟಿದ್ದರೆ ಆ ಭಾಗವನ್ನು ಮಾತ್ರ ಕತ್ತರಿಸಿ ಹೊಲಿಯುವುದುಂಟು. ಇಲ್ಲವೇ ಮಾಸನ್ನು ಒಳಗೇ ಬಿಟ್ಟು ಹೊಟ್ಟೆ ಮುಚ್ಚಿ, ತಿಂಗಳುಗಟ್ಟಲೆ ಅದು ಕರಗಲು ಕಾಯುವುದುಂಟು. ಆ ತಿಂಗಳುಗಳಲ್ಲಿ ಯಾವಾಗ ಬೇಕಾದರೂ ಕೀವಾಗಬಹುದು, ಒಮ್ಮೆಲೇ ರಕ್ತ ಸುರಿಯಬಹುದು. ದೊಡ್ಡ ದವಾಖಾನೆಯ ಪಕ್ಕದಲ್ಲೇ ಮನೆ ಇದ್ದವರು, ಮಕ್ಕಳು ಇನ್ನೂ ಬೇಕೇ ಬೇಕು ಅನ್ನುವವರು ಡಾಕ್ಟರ ಜೊತೆ ಕೂತು ಯೋಚಿಸಬಹುದು. ಎರಡು ಮಕ್ಕಳಿದ್ದು, ನೂರು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಇರುವ ನಿಮಗೆ ನಾನಂತೂ ಅದನ್ನು ಹೇಳಲಾರೆ.

ಗರ್ಭಚೀಲದ ವಿಷಯಕ್ಕೆ ನಮ್ಮ ಭಾಗದಲ್ಲಿ ಜನ ಬೆಚ್ಚುವುದು ಸಹಜ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಬಿಳಿಸೆರಗು, ಹೊಟ್ಟೆನೋವು ಅಂತ ಹೋದರೂ ಬೇಕಿಲ್ಲದೆ ಗರ್ಭಚೀಲ ತೆಗೆದ ಸುದ್ದಿ 2015ರಲ್ಲಿ ದೊಡ್ಡದಾಗಿ ಹೊರಗೆ ಬಂತು. ಆ ಅನ್ಯಾಯ ನಡೆದ ಊರಿನಲ್ಲಿ ‘ಇವರೂ ದುಡ್ಡಿಗೆ ತೆಗೆಯುತ್ತಿದ್ದಾರಾ’ ಅಂತ ಅನುಮಾನ ಬಂದರೆ ತಪ್ಪಲ್ಲ. ಅನುಮಾನ ಇದ್ದರೆ ಇನ್ನೊಬ್ಬ ಡಾಕ್ಟರಿಗೆ ರಿಪೋರ್ಟ್ ತೋರಿಸಿ, ಖಂಡಿತ ತೋರಿಸಿ. ಆದರೆ ಅಲ್ಲಿ ಆರಾಮಾಗಿದ್ದ ಗರ್ಭಚೀಲವನ್ನು ತೆಗೆದರು, ಇಲ್ಲಿ ತೆಗೆಯುವುದು ಜೀವ ಉಳಿಸಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಅಂಡಾಶಯ ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ, ಆದ್ದರಿಂದ ಹಾರ್ಮೋನು ಒಮ್ಮೆಲೇ ನಿಲ್ಲುವುದಿಲ್ಲ. ಮುಟ್ಟು ನಿಲ್ಲುತ್ತದೆ, ಮುಂದೆ ಮಕ್ಕಳಾಗುವುದಿಲ್ಲ. ಗಾಯ ಮಾಗಿದ ಮೇಲೆ ಹೊಲದ ಕೆಲಸ, ಮನೆ ಕೆಲಸ, ಗಂಡ ಹೆಂಡತಿ ಸಂಬಂಧ ಎಲ್ಲಾ ಮೊದಲಿನ ಹಾಗೆ ನಡೆಸಬಹುದು. ‘ಗರ್ಭಚೀಲ ತೆಗೆದ ಹೆಣ್ಣು ಕೆಲಸಕ್ಕೆ ಬಾರದವಳು’ ಅಂತ ಯಾರಾದರೂ ಅಂದರೆ ಆ ಮಾತನ್ನು ನೀವು ಅಲ್ಲೇ ನಿಲ್ಲಿಸಬೇಕು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲಿ ಅವ್ವ ಏನಂತಾರೆ ಅಂತ ಇದೆ, ಡಾಕ್ಟರು ಏನಂತಾರೆ ಅಂತ ಇದೆ, ನಿಮ್ಮ ಹೆಂಡತಿ ಏನಂತಾರೆ ಅಂತ ಎಲ್ಲೂ ಇಲ್ಲ. ಅವರಿಗೆ ಇದೆಲ್ಲಾ ಗೊತ್ತಾ? ಹೆದರುತ್ತಾರೆ ಅಂತ ಮುಚ್ಚಿಟ್ಟಿದ್ದೀರಾ? ಮುಚ್ಚಿಡಬೇಡಿ. ಆಪರೇಷನ್ನಿನಿಂದ ಎದ್ದ ಮೇಲೆ ಯಾರದೋ ಬಾಯಲ್ಲಿ ‘ಗರ್ಭಚೀಲ ತೆಗೆದಿದ್ದಾರೆ’ ಅಂತ ಕೇಳಿ ಗೋಡೆ ಕಡೆ ತಿರುಗಿ ಮಲಗಿದವರನ್ನು ನೋಡಿದ್ದೇನೆ. ಮೊದಲೇ ಗೊತ್ತಿದ್ದು, ತಾವೇ ಒಪ್ಪಿ ಸಹಿ ಹಾಕಿದವರು ಬೇಗ ಚೇತರಿಸಿಕೊಳ್ಳುತ್ತಾರೆ. ಮೈ ಅವರದು, ಒಪ್ಪಿಗೆಯೂ ಅವರದೇ ಇರಲಿ.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ಮೊದಲು ಹಿಮೋಗ್ಲೋಬಿನ್. 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ, ನಮ್ಮ ಕಡೆ 8, 9 ಇಟ್ಟುಕೊಂಡು ಬರುವವರೇ ಜಾಸ್ತಿ. ಏಳರಲ್ಲಿ ಇರುವವರಿಗೆ ಒಂದು ಲೀಟರ್ ರಕ್ತ ಹೋದರೂ ತಡೆಯುವುದಿಲ್ಲ. ಪುಂಡಿ ಪಲ್ಯ, ಕಾಳು, ಬೆಲ್ಲ ಎಲ್ಲಾ ತಿನ್ನಲಿ, ಆದರೆ ಆರೇಳು ವಾರದಲ್ಲಿ ಅದೊಂದರಿಂದ ಏರುವುದಿಲ್ಲ. ಕಬ್ಬಿಣದ ಗುಳಿಗೆಯನ್ನು ಚಹಾ ಜೊತೆ ನುಂಗಬಾರದು, ಚಹಾ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳಲಿ. ಗುಳಿಗೆ ಸಾಲದಿದ್ದರೆ ಸಲಾಯಿನ್‌ನಲ್ಲಿ ಕಬ್ಬಿಣದ ಇಂಜೆಕ್ಷನ್ ಹಾಕುತ್ತಾರೆ, ಈ ವಾರವೇ ಕೇಳಿ. ಸರ್ಕಾರಿ ದವಾಖಾನೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಕು ಬಸುರಿಯರ ವಿಶೇಷ ತಪಾಸಣೆ ಇರುತ್ತದೆ, ದುಡ್ಡಿಲ್ಲ. ಆದರೆ ಆ ದಿನಕ್ಕೆ ಕಾಯುತ್ತಾ ಕೂರಬೇಡಿ.

ಆಮೇಲೆ ರಕ್ತ. ಅವರ ಗುಂಪು ಯಾವುದು ಅಂತ ಬರೆದಿಲ್ಲ. ನೆಗೆಟಿವ್ ಗುಂಪಾದರೆ ದವಾಖಾನೆಗೆ ಹೋದ ಮೊದಲ ದಿನವೇ ಗಟ್ಟಿಯಾಗಿ ಹೇಳಿ, ಯಾಕೆಂದರೆ ಅದನ್ನು ಹೊಂದಿಸಲು ಸಮಯ ಬೇಕು. ರಕ್ತನಿಧಿಯವರು ಬದಲಿ ರಕ್ತ ಕೇಳುತ್ತಾರೆ. ಅಣ್ಣತಮ್ಮಂದಿರು, ಗೆಳೆಯರು, 18 ದಾಟಿದವರು, ತೂಕ 45 ಕಿಲೋಗಿಂತ ಹೆಚ್ಚಿರುವವರು, ಮೂರು ತಿಂಗಳಲ್ಲಿ ರಕ್ತ ಕೊಟ್ಟಿಲ್ಲದ ಗಂಡಸರ ಹೆಸರು, ಮೊಬೈಲ್ ನಂಬರ್ ಬರೆದಿಟ್ಟುಕೊಳ್ಳಿ. ‘ಆ ದಿನ ಬರುತ್ತೇವೆ’ ಅಂದವರು ಆ ದಿನ ಮದುವೆಗೆ ಹೋಗಿರುತ್ತಾರೆ. ಮುಂಚೆಯೇ ಹೋಗಿ ಕೊಟ್ಟು ಬರಲಿ.

ದವಾಖಾನೆ ಯಾವುದು ಅಂತ ನಾನು ಹೆಸರಿಟ್ಟು ಹೇಳಲಾರೆ. ಕಲಬುರಗಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಜಿಮ್ಸ್ ಇದೆ, ಇಎಸ್‌ಐ ಮೆಡಿಕಲ್ ಕಾಲೇಜಿದೆ, ಬಸವೇಶ್ವರ ಆಸ್ಪತ್ರೆ ಇದೆ, ಕೆಬಿಎನ್ ಆಸ್ಪತ್ರೆ ಇದೆ. ಯಾದಗಿರಿ, ಬೀದರಿನಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಎಲ್ಲಿಗೆ ಹೋದರೂ ನೇರವಾಗಿ ಕೇಳಿ: ಈ ತರಹದ ಆಪರೇಷನ್ ಮೊದಲು ಮಾಡಿದ್ದೀರಾ? ರಕ್ತನಿಧಿ ಇಲ್ಲೇ ಒಳಗಿದೆಯಾ, ಹೊರಗಿಂದ ತರಬೇಕಾ? ರಾತ್ರಿ ಎರಡಕ್ಕೂ ಅರಿವಳಿಕೆ ಡಾಕ್ಟರು ಇರುತ್ತಾರಾ? ಮೂತ್ರಚೀಲ ನೋಡುವ ಯುರಾಲಜಿ ಡಾಕ್ಟರು ಸಿಗುತ್ತಾರಾ? ತಾಯಿಗೆ ಐಸಿಯು, ಮಗುವಿಗೆ ಎನ್‌ಐಸಿಯು ಎರಡೂ ಒಂದೇ ಕಡೆ ಇವೆಯಾ? ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ. ಇಲ್ಲಿ ಆಗುವುದಿಲ್ಲ ಅಂತ ಅವರೇ ಹೇಳಿದರೆ ಅವರಿಗೆ ಕೈ ಮುಗಿದು ಹೈದರಾಬಾದಿಗೆ ಹೊರಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶ ಇದೆ. ಬೇರೆ ರಾಜ್ಯಕ್ಕೆ ಹೋಗುವುದಾದರೆ ಅಲ್ಲಿ ಕಾರ್ಡ್ ನಡೆಯುತ್ತದಾ, ರೆಫರಲ್ ಪತ್ರ ಬೇಕಾ ಅಂತ ಹೊರಡುವ ಮುಂಚೆ ಕೇಳಿಕೊಳ್ಳಿ.

32, 33 ವಾರಕ್ಕೆಲ್ಲಾ ಅವರು ಆ ದವಾಖಾನೆಯ ಹತ್ತಿರ ಬಂದು ಇರಬೇಕು. ನೆಂಟರ ಮನೆಯಾಗಲಿ, ಬಾಡಿಗೆ ಕೋಣೆಯಾಗಲಿ. ಕುಬಸ (ಸೀಮಂತ) ಮಾಡುವುದಿದ್ದರೆ ಅಲ್ಲೇ ಮನೆ ಮಟ್ಟಿಗೆ ಮಾಡಿ, ತವರಿನ ಟೆಂಪೋ ಪ್ರಯಾಣ ಬೇಡವೇ ಬೇಡ. ಭಾರ ಎತ್ತುವುದು ಬೇಡ. ಗಂಡ ಹೆಂಡತಿ ಕೂಡುವುದೂ ಬೇಡ. ಸೂಲಗಿತ್ತಿಯಾಗಲಿ ನರ್ಸಾಗಲಿ ‘ಒಳಗೆ ಕೈ ಹಾಕಿ ನೋಡುತ್ತೇನೆ’ ಅಂದರೆ ಬಿಡಬೇಡಿ, ಮಾಸು ಬಾಯಿಗೆ ಅಡ್ಡ ಇದೆ ಅಂತ ಹೇಳಿ. ಒಂದು ಚಮಚ ರಕ್ತ ಕಂಡು ತಾನಾಗೇ ನಿಂತರೂ ಕೂಡಲೇ ದವಾಖಾನೆಗೆ ಹೋಗಿ. ಇದರಲ್ಲಿ ನೋವಿಲ್ಲದೆ ರಕ್ತ ಬರುತ್ತದೆ, ನೋವಿಲ್ಲ ಅಂತ ಮಲಗಿಬಿಡುತ್ತಾರೆ. 108ಕ್ಕೆ ಫೋನ್ ಮಾಡಿದಾಗ ‘ಎರಡು ಸಿಜೇರಿಯನ್, ಪ್ಲಾಸೆಂಟಾ ಪ್ರೀವಿಯಾ, ರಕ್ತ ಹೋಗುತ್ತಿದೆ’ ಅಂತ ಮೊದಲ ಉಸಿರಿಗೇ ಹೇಳಿ.

ಹೆರಿಗೆ ಆದ ಮೇಲಿನದ್ದು ಒಂದಿದೆ, ಯಾರೂ ಹೇಳುವುದಿಲ್ಲ. ತುಂಬಾ ರಕ್ತ ಹೋದ ಬಾಣಂತಿಯರಲ್ಲಿ ಅಪರೂಪಕ್ಕೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಪೆಟ್ಟು ಬೀಳುತ್ತದೆ, ಶೀಹಾನ್ ಸಿಂಡ್ರೋಮ್ ಅಂತಾರೆ. ಎದೆಹಾಲು ಬರುವುದೇ ಇಲ್ಲ. ಆಮೇಲೆ ಸುಸ್ತು, ಚಳಿ ತಡೆಯದಿರುವುದು, ಬಿಪಿ ಇಳಿಯುವುದು, ಮೈಕೂದಲು ಉದುರುವುದು. ಬೇರೆಯವರಿಗೆ ಮುಟ್ಟು ಮರಳಿ ಬರಲಿಲ್ಲ ಅಂತಲಾದರೂ ಗೊತ್ತಾಗುತ್ತದೆ, ಗರ್ಭಚೀಲ ತೆಗೆದವರಿಗೆ ಆ ಸುಳಿವೂ ಇಲ್ಲ. ‘ಬಾಣಂತಿ, ರಕ್ತ ಹೋಗಿದೆ, ಸುಸ್ತು ಇದ್ದದ್ದೇ’ ಅಂತ ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಹಾಲು ಒಂದು ಹನಿಯೂ ಬರದಿದ್ದರೆ ಡಾಕ್ಟರಿಗೆ ಹೇಳಿ ಹಾರ್ಮೋನು ಪರೀಕ್ಷೆ ಮಾಡಿಸಿ. ಗುಳಿಗೆಯಲ್ಲಿ ಸರಿಹೋಗುವ ತೊಂದರೆ ಅದು, ಗುಳಿಗೆ ಮಾತ್ರ ಬಿಡಬಾರದು.

ಮಗುವಿನ ಬಗ್ಗೆ ಜಾಸ್ತಿ ಚಿಂತೆ ಬೇಡ. 35 ವಾರದ ಮಗು ಎರಡು ಕಿಲೋದ ಆಸುಪಾಸು ಇರಬಹುದು, ಕೆಲವು ದಿನ ಎನ್‌ಐಸಿಯುನಲ್ಲಿ ಇಡಬಹುದು. ಆಮೇಲೆ ಎದೆಗೆ ಅಪ್ಪಿಸಿ ಬೆಚ್ಚಗೆ ಇಟ್ಟುಕೊಳ್ಳಲು ಹೇಳುತ್ತಾರೆ, ತಾಯಿ ಐಸಿಯುನಲ್ಲಿ ಇದ್ದರೆ ನೀವೇ ಎದೆ ಮೇಲೆ ಮಲಗಿಸಿಕೊಳ್ಳಬಹುದು.

ಅವ್ವನನ್ನು ಒಪ್ಪಿಸುವುದು ಹೇಗೆ ಅಂತ ಕೊನೆಗೆ ಕೇಳಿದ್ದೀರಿ. ಮನೆಯಲ್ಲಿ ಕೂತು ವಾದ ಮಾಡಬೇಡಿ, ಅವರಿಗೂ ಸೊಸೆ ಮೇಲಿನ ಕಾಳಜಿಯೇ ಅದು. ಮುಂದಿನ ಸ್ಕ್ಯಾನಿಗೆ ಅವರನ್ನೂ ಕರೆದುಕೊಂಡು ಹೋಗಿ. ‘ಅವ್ವಗ ನೀವೇ ಒಂದೀಟು ತಿಳಿಸಿ ಹೇಳ್ರಿ’ ಅಂತ ಡಾಕ್ಟರಿಗೆ ಕೇಳಿ, ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ಅಲ್ಲಿನ ಸಿಸ್ಟರನ್ನು ಕೇಳಿ, ನಾವು ಹೇಳುತ್ತೇವೆ. ಆಮೇಲೆ ಅವರಿಗೇ ಒಂದು ಕೆಲಸ ಒಪ್ಪಿಸಿ: ನಿಮ್ಮ ಕಡೆ, ಸೊಸೆ ಕಡೆ, ಎರಡೂ ಬೀಗರಲ್ಲಿ ರಕ್ತ ಕೊಡುವ ಹುಡುಗರನ್ನು ಹುಡುಕುವ ಕೆಲಸ. ಊರಲ್ಲಿ ಅವರು ಕರೆದರೆ ಬರುವಷ್ಟು ಜನ ನೀವು ಕರೆದರೆ ಬರುವುದಿಲ್ಲ.